ಫೋರ್ ವೀಲ್ ಟ್ರ್ಯಾಕ್ಟರಿಗೆ ಟೈರ್ ಹಾಕಿಸುವ ಮುಂಚೆ ಈ ಲೆಕ್ಕ ನೋಡಿ

ಹಿಂದಿನ ಟೈರ್ ಸವೆದಿದೆ, ಮುಂದಿನದು ಇನ್ನೊಂದು ವರ್ಷ ಬರುತ್ತೆ ಅಂತ ಹಿಂದಿನ ಜೋಡಿ ಮಾತ್ರ ಬದಲಿಸಲು ಹೊರಟಿದ್ದೀರಾ? ಅಥವಾ ಅಂಗಡಿಯವರು ‘ನಿಮ್ಮ ಸೈಜ್ ಸ್ಟಾಕ್ ಇಲ್ಲ, ಇದೂ ಕೂರುತ್ತೆ’ ಅಂದ್ರಾ? ದುಡ್ಡು ಕೊಡುವ ಮೊದಲು ಒಂದು ಲೆಕ್ಕ ಮಾಡಬೇಕು.

ಮುಂದೆ 9.5-24, ಹಿಂದೆ 16.9-28 ಟೈರ್ ಇರುವ ಟ್ರ್ಯಾಕ್ಟರ್ ತಗೊಳ್ಳಿ. ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮುಂದಿನ ಸಣ್ಣ ಚಕ್ರ ಒಂದಕ್ಕಿಂತ ಹೆಚ್ಚು ಸುತ್ತಲೇಬೇಕು. ಆ ವ್ಯತ್ಯಾಸವನ್ನು ಗೇರಿನ ಹಲ್ಲುಗಳ ಲೆಕ್ಕದಲ್ಲೇ ಸರಿದೂಗಿಸಿರುತ್ತಾರೆ. ಅದರ ಮೇಲೆ ಮುಂದಿನ ಚಕ್ರ ಇನ್ನೂ ಚೂರು ಜಾಸ್ತಿ, ಸಾಮಾನ್ಯವಾಗಿ ಶೇ. 1ರಿಂದ 5ರಷ್ಟು, ತಿರುಗುವಂತೆ ಮಾಡಿರುತ್ತಾರೆ. ಇದಕ್ಕೆ ‘ಲೀಡ್’ ಅನ್ನುತ್ತಾರೆ. ಎರಡು ಜೋಡಿ ಎತ್ತು ಕಟ್ಟಿದಾಗ ಮುಂದಿನ ಜೋಡಿ ಹಗ್ಗ ಸಡಿಲ ಬಿಡದೆ ಎಳೀಬೇಕಲ್ಲ, ಹಾಗೆ.

ನಾಲ್ಕೂ ಚಕ್ರ ಎಳೆಯುವ ಕಾರುಗಳಲ್ಲಿ ಹೆಚ್ಚಿನವಕ್ಕೆ ನಡುವೆ ಡಿಫರೆನ್ಷಿಯಲ್ ಅಥವಾ ಕ್ಲಚ್ ಇದ್ದು, ಸಣ್ಣ ವ್ಯತ್ಯಾಸ ನುಂಗಿಕೊಳ್ಳುತ್ತೆ. ನಮ್ಮ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಲಿವರ್ ಹಾಕಿದರೆ ಮುಂದು ಹಿಂದು ಕಚ್ಚಿಕೊಂಡ ಹಾಗೇ. ಕೆಸರು ಗದ್ದೆಯಲ್ಲಿ ಟೈರ್ ಜಾರಿ ಹೊಂದಿಕೊಳ್ಳುತ್ತೆ. ಟಾರ್ ರಸ್ತೆಯಲ್ಲಿ ಜಾರಲು ಜಾಗವಿಲ್ಲ, ಟೈರ್ ತೇಯುತ್ತೆ, ಮುಂದಿನ ಆಕ್ಸಲ್ಲಿನ ಗೇರು ಹೊಡೆತ ತಿನ್ನುತ್ತೆ. ಗದ್ದೆಯಿಂದ ರಸ್ತೆಗೆ ಬಂದ ಕೂಡಲೇ ಲಿವರ್ ತೆಗೆಯಿರಿ. (ಭಾರದ ಟ್ರೇಲರ್ ಇಳಿಜಾರಿನಲ್ಲಿ ಇಳಿಸುವಾಗ ಮಾತ್ರ ಕಂಪನಿ ಕೈಪಿಡಿ ಹೇಳಿದಂತೆ ನಡೆಯಿರಿ.)

ಈಗ ಹಿಂದೆ ಹೊಸ ಟೈರ್, ಮುಂದೆ ಹಳೇದು ಅಂದರೆ ಲೀಡ್ ಇಳಿಯುತ್ತೆ. ಸೊನ್ನೆಗಿಂತ ಕೆಳಗೆ ಹೋದರೆ ಮುಂದಿನ ಚಕ್ರ ಎಳೆಯೋದಿಲ್ಲ, ಬ್ರೇಕ್ ಹಿಡಿದಂತೆ ತಡೆಯುತ್ತೆ. ಡೀಸೆಲ್ಲೂ ದಂಡ. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಲೀಡ್ ಹೆಚ್ಚಿ, ಹೊಸ ಟೈರೇ ಬೇಗ ಸವೆಯುತ್ತೆ.

ಲೀಡ್ ಅಳೆಯೋದು ಸುಲಭ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ, ಸಲಕರಣೆ ಬಿಚ್ಚಿ, ಸಮತಟ್ಟಾದ ಗಟ್ಟಿ ಮಣ್ಣಿನ ಮೇಲೆ ನಿಲ್ಲಿಸಿ. ಮುಂದೊಂದು, ಹಿಂದೊಂದು ಟೈರಿಗೆ ಸುಣ್ಣದ ಗೆರೆ ಎಳೆಯಿರಿ. ಲಿವರ್ ಹಾಕದೆ ನೇರವಾಗಿ ನಿಧಾನಕ್ಕೆ ಓಡಿಸಿ, ಹಿಂದಿನ ಚಕ್ರ 10 ಸುತ್ತು ಬರುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತು ಅಂತ ಪಕ್ಕದಲ್ಲಿ ನಡೆಯುವವರು ಎಣಿಸಲಿ. ಕೊನೆಯ ಅರೆಬರೆ ಸುತ್ತನ್ನು ಟೈರಿನ ಹಲ್ಲು ಎಣಿಸಿ ಹಿಡಿಯಿರಿ, ಲೆಕ್ಕ ನಿಂತಿರೋದೇ ಅಲ್ಲಿ. ಆಮೇಲೆ ಲಿವರ್ ಹಾಕಿ ಹಾಗೇ ಮಾಡಿ. ಮೊದಲು 15, ಆಮೇಲೆ 15.4 ಬಂತು ಅನ್ನಿ. ಹೆಚ್ಚಿದ 0.4ನ್ನು 15ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು ಶೇ. 2.7. ಇದು ಸರಿ.

ಶೇ. 1ಕ್ಕಿಂತ ಕಡಿಮೆ ಅಥವಾ 5ಕ್ಕಿಂತ ಹೆಚ್ಚು ಬಂದರೆ ನಾಲ್ಕೂ ಟೈರ್ ಒಟ್ಟಿಗೆ ಬದಲಿಸುವುದೇ ಲೇಸು. ಒಂದೇ ನಂಬರ್ ಇದ್ದರೂ ಕಂಪನಿಯಿಂದ ಕಂಪನಿಗೆ ಟೈರಿನ ಸುತ್ತಳತೆ ಸ್ವಲ್ಪ ಬೇರೆ ಇರುತ್ತೆ, ಅಂಗಡಿಯಲ್ಲಿ ಅದನ್ನೂ ಕೇಳಿ.