ಆರು ರೊಟ್ಟಿಯ ಲೆಕ್ಕ

ಮಸ್ಕಿಯ ಗುಡ್ಡ ಹತ್ತಿ ಮಲ್ಲಿಕಾರ್ಜುನನ ಗುಡಿಗೆ ಹೋದವರಿಗೆ ಗೊತ್ತು, ನೂರು ಮೆಟ್ಟಿಲು ಆಗುವಷ್ಟರಲ್ಲೇ ತೊಡೆ ಬಿಗಿಯುತ್ತದೆ, ಏದುಸಿರು ಬರುತ್ತದೆ. ಬೆಳಗ್ಗೆ ತಿಂದ ಉಪ್ಪಿಟ್ಟೆಲ್ಲ ಕರಗಿಹೋಯಿತು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಮೆಟ್ಟಿಲು ಒಂದಕ್ಕೆ 16 ಸೆಂಟಿಮೀಟರ್ ಎಂದಿಟ್ಟುಕೊಂಡರೆ ನೂರಕ್ಕೆ 16 ಮೀಟರ್. 60 ಕಿಲೋ ತೂಕದ ಮೈಯನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾಗುವ ಶಕ್ತಿ ಬರೀ ಎರಡೂಕಾಲು ಕ್ಯಾಲೊರಿ. ಸ್ನಾಯು ತಾನು ಉರಿಸಿದ ಇಂಧನದಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ಹಚ್ಚುತ್ತದೆ, ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಹಾಗೆ ನೋಡಿದರೂ ಒಟ್ಟು ಖರ್ಚು 9 ಕ್ಯಾಲೊರಿ. ಅರ್ಧ ಚಮಚ ಸಕ್ಕರೆಯಲ್ಲಿ ಇರುವಷ್ಟು!

(ಆಹಾರದ ಮಾತಿನಲ್ಲಿ ಒಂದು ಕ್ಯಾಲೊರಿ ಎಂದರೆ ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಕ್ತಿ.)

ಸಿಂಧನೂರಿನಲ್ಲಿ ಹತ್ತಿ, ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದೆ ನಿಂತವರ ಪಾಡೂ ಹೀಗೆಯೇ. ಕೂತವರಿಗಿಂತ ನಿಂತವರು ನಿಮಿಷಕ್ಕೆ ಸುಮಾರು 0.15 ಕ್ಯಾಲೊರಿ ಹೆಚ್ಚು ಉರಿಸುತ್ತಾರೆ. ಒಂದು ಗಂಟೆಗೆ ಮತ್ತದೇ 9. ಪರೀಕ್ಷೆಗೆ ತಲೆ ಕೆಡಿಸಿಕೊಂಡು ಓದಿದರೆ ಮೈ ಕರಗುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ವಿಶ್ರಾಂತಿಯಲ್ಲಿರುವ ದೇಹದ ಖರ್ಚಿನಲ್ಲಿ ಐದನೇ ಒಂದು ಪಾಲು ಮಿದುಳಿನದೇ ಹೌದು, ಆದರೆ ಲೆಕ್ಕ ಬಿಡಿಸುವಾಗಲೂ ಸುಮ್ಮನೆ ಕಿಟಕಿಯಾಚೆ ನೋಡುವಾಗಲೂ ಅದು ಹೆಚ್ಚುಕಡಿಮೆ ಅಷ್ಟನ್ನೇ ತಿನ್ನುತ್ತದೆ. ಮೈ ಬಹಳ ಹಿಡಿತದ ಸಂಸಾರಸ್ಥ. ಉಸಿರಾಟ, ಹೃದಯ, ಯಕೃತ್ತು, ಮೂತ್ರಪಿಂಡ ಮೊದಲಾದವುಗಳಿಗೆಂದು ಮಲಗಿದ್ದಾಗಲೂ ದಿನಕ್ಕೆ ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಖರ್ಚು ಮಾಡುತ್ತದೆ, ಮೇಲಿನ ಓಡಾಟಕ್ಕೆ ಮಾತ್ರ ಬಿಗಿ ಮುಷ್ಟಿ.

ಹಾಗಾದರೆ ನಿಜವಾದ ದೊಡ್ಡ ಖರ್ಚು ಯಾವುದು? ಅದನ್ನು ನೋಡಲು ಜಿಮ್ಮಿಗೆ ಹೋಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರಿನ ಗದ್ದೆಗಳ ಬದುವಿನ ಮೇಲೆ ನಿಂತರೆ ಸಾಕು. ಭತ್ತದ ನಾಟಿಗೆ ಇಳಿದ ಹೆಣ್ಣುಮಕ್ಕಳು ಸಾಲಾಗಿ ಬಾಗಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಲ್ಲಿ ಚುಚ್ಚುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಈ ಒಂದು ಕೆಲಸದಲ್ಲಿ ಎಷ್ಟು ಕೆಲಸ ಅಡಗಿದೆ ನೋಡಿ. ಅದೇ ವೇಗದಲ್ಲಿ ಮುಂದೆ ನಡೆಯುವುದಕ್ಕಿಂತ ಹಿಂದಕ್ಕೆ ನಡೆಯುವುದು ತುಟ್ಟಿ. ಬಾಗಿದ ಬೆನ್ನು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ, ಆದರೂ ಅದರ ಸ್ನಾಯುಗಳು ಬಿಡುವಿಲ್ಲದೆ ಮುಂಡವನ್ನು ಹಿಡಿದು ನಿಲ್ಲಿಸಿರಬೇಕು. ಇನ್ನು ಕೆಸರು. ಗಟ್ಟಿ ನೆಲದಲ್ಲಿ ಹೆಜ್ಜೆಯ ಬಲವನ್ನು ನೆಲ ಮರಳಿ ಕೊಡುತ್ತದೆ, ಮೆತ್ತನೆ ನೆಲ ಅದನ್ನು ನುಂಗಿಬಿಡುತ್ತದೆ. ಗಟ್ಟಿ ನೆಲಕ್ಕಿಂತ ಮರಳಿನ ಮೇಲೆ ನಡೆಯಲು ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು 1998ರಲ್ಲಿ ಸಂಶೋಧಕರು ಅಳೆದು ತೋರಿಸಿದರು. ಕೆಸರಿನಲ್ಲಿ ಹೂತ ಪಾದವನ್ನು ಪ್ರತಿ ಸಲ ಕಿತ್ತು ತೆಗೆಯುವ ಶ್ರಮ ಬೇರೆ.

ದೇಹ ಸುಮ್ಮನಿದ್ದಾಗಿನ ಖರ್ಚನ್ನು ಒಂದು ಎಂದಿಟ್ಟು, ಪ್ರತಿ ಕೆಲಸಕ್ಕೆ ಅದರ ಎಷ್ಟು ಪಟ್ಟು ಬೇಕೆಂದು ಹೇಳುವ ಪಟ್ಟಿಯನ್ನು ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಬಾಗಿ ಸಸಿ ನೆಡುವಂಥ ಕೆಲಸ ಅದರಲ್ಲಿ ನಾಲ್ಕು ಪಟ್ಟಿನ ಆಸುಪಾಸು ಬರುತ್ತದೆ. 50 ಕಿಲೋ ತೂಕದ ಹೆಣ್ಣುಮಗಳು ಆರು ಗಂಟೆ ನಾಟಿ ಮಾಡಿದರೆ ಸುಮಾರು 1,200 ಕ್ಯಾಲೊರಿ. ಗುಡ್ಡದ ಮೆಟ್ಟಿಲಿನ ಲೆಕ್ಕದಲ್ಲಿ ಹೇಳುವುದಾದರೆ ಹದಿಮೂರು ಸಾವಿರ ಮೆಟ್ಟಿಲು.

ಬೆವರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ, ಅದನ್ನು ಕಿತ್ತು ಹಾಕಲೇಬೇಕು. ಬೆವರು ಹರಿದರೆ ಕೊಬ್ಬು ಹರಿದಂತಲ್ಲ. ಒಂದು ಲೀಟರ್ ಬೆವರು ಆರಿದರೆ 580 ಕ್ಯಾಲೊರಿಯಷ್ಟು ಶಾಖ ಮೈಯಿಂದ ಹೊರಹೋಗುತ್ತದೆ ನಿಜ, ಆದರೆ ನಮ್ಮ ರಾಯಚೂರು ಸೀಮೆಯ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಆ ಶಾಖದಲ್ಲಿ ಸೂರ್ಯನ ಪಾಲೂ ಸಾಕಷ್ಟಿದೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾದಾಗ ಮೈ ತಣಿಸಿಕೊಳ್ಳಲು ಬೆವರೊಂದೇ ದಾರಿ. ನೀರು ನಿಂತ ಗದ್ದೆಯ ತೇವದಲ್ಲಿ ಬೆವರು ಆರದೆ ಇಳಿಯುತ್ತದೆ, ಮೈ ತಣಿಯುವುದಿಲ್ಲ. ಆಗ ಕಳೆದುಹೋಗುವುದು ನೀರು ಮತ್ತು ಉಪ್ಪು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಆ ಹೊತ್ತಿಗೆ ಬೇಕಾದ ಔಷಧವೇ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಆಹಾರದ ಅಗತ್ಯದ ಪಟ್ಟಿಯಲ್ಲಿ ಕೂತು ಕೆಲಸ ಮಾಡುವ ಹೆಣ್ಣುಮಗಳಿಗೆ ದಿನಕ್ಕೆ 1,660 ಕ್ಯಾಲೊರಿ, ಕಷ್ಟದ ದುಡಿಮೆಯವಳಿಗೆ 2,720. ನಡುವಿನ ಅಂತರ 1,060. ಜೋಳದ ಹಿಟ್ಟು 100 ಗ್ರಾಮಿಗೆ ಸುಮಾರು 330 ಕ್ಯಾಲೊರಿ ಕೊಡುತ್ತದೆ. ಐವತ್ತು ಗ್ರಾಂ ಹಿಟ್ಟಿಗೊಂದು ರೊಟ್ಟಿ ಬಡಿದರೆ ಆ ಅಂತರ ತುಂಬಲು ಆರು ರೊಟ್ಟಿಗಿಂತ ತುಸು ಹೆಚ್ಚೇ ಬೇಕು, ದಿನದ ಊಟದ ಮೇಲೆ. ಅಷ್ಟು ಉಣ್ಣಲಾರದೆ ತಿಂಗಳುಗಟ್ಟಲೆ ದುಡಿದರೆ ಮೈ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಒಲೆಗೆ ಹಾಕುತ್ತದೆ. ತೂಕ ಇಳಿಸುವ ಸಲಹೆಗಳು ತುಂಬಿ ತುಳುಕುವ ಈ ಕಾಲದಲ್ಲಿ ಇವರ ಬುತ್ತಿಯನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ ಎಂಬುದು ನನ್ನ ಸಂಕಟ. ಬದುವಿನ ಮೇಲೆ ಬಿಚ್ಚುವ ಬುತ್ತಿಯಲ್ಲಿ ರೊಟ್ಟಿ, ಪುಂಡಿಪಲ್ಯದ ಜೊತೆ ಬೇಳೆ ಇರಲಿ, ಒಂದು ಹಿಡಿ ಹುರಿದ ಶೇಂಗಾ ಇರಲಿ. 30 ಗ್ರಾಂ ಶೇಂಗಾದಲ್ಲಿ ಒಂದು ರೊಟ್ಟಿಯಷ್ಟೇ ಕ್ಯಾಲೊರಿ ಇದೆ, ಪ್ರೋಟೀನು ಅದಕ್ಕಿಂತ ಹೆಚ್ಚು.