ಮರಾಠಿ ಶಾಲೆಗೆ ಹೊರಟ ಕನ್ನಡದ ಕೂಸು

ಮೃಗಶಿರಾ ಮಳೆಯ ದಿನಗಳಲ್ಲಿ, ಜೂನ್ ತಿಂಗಳ ನಡುವಿಗೆ, ನಮ್ಮ ಸೊಲ್ಲಾಪುರ ಜಿಲ್ಲೆಯ ಶಾಲೆಗಳು ಬಾಗಿಲು ತೆರೆಯುತ್ತವೆ. ನಂದೇಶ್ವರದಲ್ಲಾಗಲಿ, ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಾಗಲಿ, ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಎಷ್ಟೋ ಮಕ್ಕಳು ಅಂದು ಮರಾಠಿ ಶಾಲೆಯ ಹೊಸ್ತಿಲು ತುಳಿಯುತ್ತವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಮಾಡಿಸುತ್ತದೆ. ಆದರೂ ಮುಂದಿನ ಓದು, ನೌಕರಿ, ಕಚೇರಿಯ ಕಾಗದಪತ್ರಗಳೆಲ್ಲ ಮರಾಠಿಯಲ್ಲಿಯೇ ಅಲ್ಲವೇ ಎಂದು ಅನೇಕ ತಂದೆ-ತಾಯಿಗಳು ಮರಾಠಿಯನ್ನೇ ಆರಿಸುತ್ತಾರೆ. ಅವರನ್ನು ಹಳಿಯಲು ನಾವು ಹೊರಟಿಲ್ಲ. ಆ ಮಗುವಿನ ಮೊದಲ ಆರು ತಿಂಗಳು ಹೇಗೆ ಕಳೆಯುತ್ತವೆ ಎಂಬುದೇ ನಮ್ಮ ಚಿಂತೆ.

ನಮ್ಮ ನೆರೆಮನೆಯ ಹುಡುಗಿಯೊಬ್ಬಳನ್ನು ಶಾಲೆಯಲ್ಲಿ ಗುರುಜಿ 'ನಾಕ ಕುಠೇ ಆಹೇ?' ಎಂದು ಕೇಳಿದರು. ಅವಳು ನಾಲ್ಕು ಬೆರಳು ಎತ್ತಿ ತೋರಿಸಿದಳು. ಮರಾಠಿಯಲ್ಲಿ 'ನಾಕ' ಎಂದರೆ ಮೂಗು. ನಮ್ಮ ಆಡುಮಾತಿನಲ್ಲಿ ನಾಲ್ಕು. ವರ್ಗವೆಲ್ಲ ನಕ್ಕಿತು. ಅಂದು ಮುಚ್ಚಿದ ಬಾಯನ್ನು ಹುಡುಗಿ ದೀಪಾವಳಿಯ ರಜೆಯವರೆಗೂ ಶಾಲೆಯಲ್ಲಿ ತೆರೆಯಲಿಲ್ಲ. ಮಂದಬುದ್ಧಿಯವಳೆಂದು ಹೆಸರೂ ಬಂದಿತು. ಮನೆಯಲ್ಲಾದರೋ ಅದೇ ಕೂಸು ಅಜ್ಜಿಯ ಮಾತಿಗೆ ಎರಡು ಮಾತು ಸೇರಿಸುವಂಥದು!

ಲೆಕ್ಕದಲ್ಲಿಯೂ ಇಂಥದೇ ತೊಡಕು. 'ಇಪ್ಪತ್ತೊಂದು' ಎನ್ನುವಾಗ ಮೊದಲು ಇಪ್ಪತ್ತು, ಆಮೇಲೆ ಒಂದು. ಬರೆಯುವುದೂ ಅದೇ ಕ್ರಮದಲ್ಲಿ. ಮರಾಠಿಯ 'ಏಕವೀಸ'ದಲ್ಲಿ ಒಂದು ಮುಂದೆ, ಇಪ್ಪತ್ತು ಹಿಂದೆ. 29ಕ್ಕೆ 'ಏಕೋಣತೀಸ', ಅಂದರೆ ಒಂದು ಕಡಿಮೆ ಮೂವತ್ತು. ಇದು ಮರಾಠಿ ಮಕ್ಕಳಿಗೂ ಸುಲಭವಲ್ಲವೆಂದೇ 2019ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ ಏಕ' ಎಂದು ಓದುವ ಕ್ರಮವನ್ನು ತಂದರು. ಅದಕ್ಕೆ ದೊಡ್ಡ ಗದ್ದಲವೇ ಎದ್ದಿತು. ನಮ್ಮ ಅಜ್ಜ-ಅಜ್ಜಿಯರು ಎಣಿಸುತ್ತ ಬಂದುದು ಆ ಕ್ರಮದಲ್ಲಿಯೇ ಎಂದು ನಾವು ಒಳಗೊಳಗೇ ಹಿಗ್ಗಿದೆವು.

ಹಾಗಾದರೆ ಪರಭಾಷೆಯ ಶಾಲೆ ಮಗುವಿಗೆ ಕೇಡೇ? ಕೆನಡಾ ದೇಶದಲ್ಲಿ ನಡೆದ ಒಂದು ಪ್ರಯೋಗ ಬೇರೆಯ ಮಾತನ್ನೇ ಹೇಳುತ್ತದೆ. ಅಲ್ಲಿಯ ಕ್ವಿಬೆಕ್ ಪ್ರಾಂತದಲ್ಲಿ ಹೆಚ್ಚಿನ ಜನರ ಭಾಷೆ ಫ್ರೆಂಚ್. ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಊರಿನ ಇಂಗ್ಲಿಷ್ ತಂದೆ-ತಾಯಿಗಳು, ಫ್ರೆಂಚ್ ಬಾರದೆ ತಮ್ಮ ಮಕ್ಕಳಿಗೆ ಮುಂದೆ ಗತಿಯಿಲ್ಲವೆಂದು ಹಟ ಹಿಡಿದು, 1965ರಲ್ಲಿ ಶಿಶುವರ್ಗದಿಂದಲೇ ಫ್ರೆಂಚಿನಲ್ಲಿ ಕಲಿಸುವ ವ್ಯವಸ್ಥೆ ಮಾಡಿಸಿದರು. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿ 1972ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮಕ್ಕಳು ಫ್ರೆಂಚ್ ಚೆನ್ನಾಗಿ ಕಲಿತರು. ಇಂಗ್ಲಿಷಿನಲ್ಲಿಯೂ ಗಣಿತದಲ್ಲಿಯೂ ಹಿಂದೆ ಬೀಳಲಿಲ್ಲ.

ಇದನ್ನು ಓದಿ 'ಮರಾಠಿಯಲ್ಲಿಯೂ ಹಾಗೆಯೇ ಆದೀತು' ಎಂದು ನಿಶ್ಚಿಂತರಾಗುವ ಹಾಗಿಲ್ಲ. ಅಲ್ಲಿ ವರ್ಗದ ಮಕ್ಕಳಿಗೆಲ್ಲ ಫ್ರೆಂಚ್ ಸಮಾನವಾಗಿ ಹೊಸದು. ಒಬ್ಬರನ್ನು ನೋಡಿ ಒಬ್ಬರು ನಗುವಂತಿರಲಿಲ್ಲ. ಮಗು ಮೊದಮೊದಲು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಶಿಕ್ಷಕಿಗೆ ತಿಳಿಯುತ್ತಿತ್ತು. ಎರಡನೆಯ ವರ್ಗದಿಂದ ಇಂಗ್ಲಿಷ್ ಪಾಠವೂ ಸೇರಿತು. ಮೇಲಾಗಿ ಅವರ ಮನೆಮಾತು ಇಡೀ ಖಂಡದಲ್ಲಿ ಬಲವುಳ್ಳದ್ದು, ತುಕ್ಕು ಹಿಡಿಯುವ ಭಯವಿಲ್ಲ. ಮನೆಮಾತು ದುರ್ಬಲವಾಗಿದ್ದಲ್ಲಿ ಹೊಸ ಭಾಷೆ ಅದರ ಜೊತೆಗೆ ಕೂಡುವ ಬದಲು ಅದನ್ನೇ ಕಳೆದುಬಿಡಬಹುದೆಂದು ಲ್ಯಾಂಬರ್ಟರೇ ಎಚ್ಚರಿಸಿದ್ದಾರೆ. ನಮ್ಮ ಕೂಸಾದರೋ ಮರಾಠಿ ಬಲ್ಲ ಮೂವತ್ತು ಮಕ್ಕಳ ನಡುವೆ ಒಂಟಿ.

ಆದ್ದರಿಂದ ಹೆಸರು ಹಚ್ಚುವ ಮೊದಲು ತಂದೆ-ತಾಯಿಗಳು ಒಂದು ಮಾತು ಕೇಳಬೇಕು: ಒಂದನೆಯ ಇಯತ್ತೆಗೆ ಕನ್ನಡ ತಿಳಿದ ಶಿಕ್ಷಕರು ಇದ್ದಾರೆಯೇ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಲು ರಾಜ್ಯಗಳು ಯತ್ನಿಸಬೇಕೆಂದು, 1956ರಲ್ಲಿ ಸೇರಿಸಿದ ಸಂವಿಧಾನದ 350ಎ ಕಲಮು ಹೇಳುತ್ತದೆ. ಅದನ್ನು ಆಧರಿಸಿ ಅರ್ಜಿ ಕೊಡಲು ಸಂಕೋಚವೇಕೆ? ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ತಾಸು ಕನ್ನಡದ ಅಂಕಲಿಪಿ ಹಿಡಿದು ಕೂಡಿಸುವುದು ಮಾತ್ರ ಮನೆಯವರದೇ ಕೆಲಸ; ಅದಕ್ಕೆ ಯಾವ ಅರ್ಜಿಯೂ ಬೇಡ.

ನೆರೆಮನೆಯ ಹುಡುಗಿಯ ಶಾಲೆಗೆ ದೀಪಾವಳಿಯ ನಂತರ ಜತ್ತದ ಕಡೆಯ ಬಾಯಿಯವರೊಬ್ಬರು ವರ್ಗವಾಗಿ ಬಂದರು. ಅವಳನ್ನು ಹತ್ತಿರ ಕರೆದು, "ಮೂಗಿಗೆ ಮರಾಠಿಯೊಳಗ ಏನಂತಾರವ್ವಾ?" ಎಂದು ಕೇಳಿದರಂತೆ.

"ನಾಕ."

"ಮತ್ತ ನಮ್ಮ ನಾಕಕ್ಕ?"

"ಚಾರ!" ಎಂದು ಹುಡುಗಿ ವರ್ಗಕ್ಕೆಲ್ಲ ಕೇಳುವಂತೆ ಕೂಗಿದಳಂತೆ.