ಕಿಕ್ಕರ್ರೇ ಗೇರಾಗುವ ಗಾಡಿ

ಎಡಗಾಲಿನ ಪಕ್ಕದಲ್ಲಿ ಒಂದೇ ಒಂದು ಲಿವರ್. ಅದನ್ನು ಇಂಜಿನ್ ಕಡೆಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಎದ್ದು ನಿಂತು ಕಿಕ್ಕರ್ ಆಗುತ್ತದೆ. ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್ ಲಿವರ್. ಇರುವುದು ಒಂದು ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಗೇರ್ ಹಾಕುವಾಗ ಕ್ಲಚ್ ಹಿಡಿಯಲು ಮರೆತರೂ ನಡೆದೀತು. ಲಿವರ್ ಒತ್ತಿದೊಡನೆ ಒಳಗಿನ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೊದಲು ಜಾವಾ, ಆಮೇಲೆ ಯೆಜ್ಡಿ ಎಂದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಬೈಕು ಇದು. ಮೇಷ್ಟ್ರು, ಅಡಿಕೆ ವ್ಯಾಪಾರಿ, ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವ ರೈತ, ಎಲ್ಲರನ್ನೂ ಹೊತ್ತು ತಿರುಗಿದ ಗಾಡಿ. ಇವತ್ತು ತುಮಕೂರಿನಲ್ಲಿ ಇದನ್ನು ಹುಡುಕಿ ಕೊಂಡು ಮತ್ತೆ ರಸ್ತೆಗೆ ತರಲು ಹೊರಟವರಲ್ಲಿ ಅನೇಕರು ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹುಟ್ಟಿದವರು. ಟೂ ಸ್ಟ್ರೋಕ್ ಗಾಡಿ ಓಡಿಸಿ ಗೊತ್ತಿಲ್ಲ, ಸ್ಪ್ಯಾನರ್ ಹಿಡಿದು ಗೊತ್ತಿಲ್ಲ. ಅವರಿಗಾಗಿಯೇ ಈ ಪರಿಚಯ.

ಚೆಕ್ ಉದ್ಯಮಿ ಜಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕು ಪಡೆದು ಜಾವಾ ಶುರುಮಾಡಿದ. ಆ ಗಾಡಿಯನ್ನು ಮೈಸೂರಿಗೆ ತಂದವರು ರುಸ್ತುಂ ಮತ್ತು ಫರೋಖ್ ಇರಾನಿ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, ಮರುವರ್ಷ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದ ಆರಂಭದಲ್ಲಿ ಚೆಕ್ ಹೆಸರು ಹೋಗಿ ಟ್ಯಾಂಕಿನ ಮೇಲೆ ಯೆಜ್ಡಿ ಕುಳಿತಿತು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್ ಬಂತು. ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆಗೂಡಿ ತಯಾರಾದ 100 ಸಿಸಿ ಗಾಡಿಗಳು ಲೀಟರಿಗೆ ಎಷ್ಟು ದೂರ ಎಂಬ ಲೆಕ್ಕವನ್ನು ಮನೆಮನೆಗೂ ಕಲಿಸಿದವು. ಹೊಗೆಯ ಕಾನೂನೂ ಬಿಗಿಯಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದಿವೆ, ಆದರೆ ಅವು ಫೋರ್ ಸ್ಟ್ರೋಕ್. ಹಳೆಯದಕ್ಕೆ ಅವುಗಳ ಒಂದು ನಟ್ಟೂ ಕೂರುವುದಿಲ್ಲ. ಶೋರೂಮಿಗೆ ಹೋಗಿ ಹಳೆ ಗಾಡಿಯ ಪಿಸ್ಟನ್ ಕೇಳುವ ಹೊಸಬರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಗುಬ್ಬಿ ಸುತ್ತಮುತ್ತಲ ತೋಟದ ಮನೆಗಳಲ್ಲಿ ಇಂಥ ಗಾಡಿಗಳು ಇನ್ನೂ ಸಿಗುತ್ತವೆ. ಕೊಬ್ಬರಿ ಅಟ್ಟದ ಕೆಳಗೋ ಅಡಿಕೆ ಬೇಯಿಸುವ ಒಲೆಯ ಪಕ್ಕದ ಶೆಡ್ಡಿನಲ್ಲೋ ಸ್ಟ್ಯಾಂಡ್ ಹಾಕಿ ನಿಂತಿರುತ್ತವೆ, ಸೀಟಿನ ರೆಕ್ಸಿನ್ ಇಲಿಗಳ ಪಾಲಾಗಿರುತ್ತದೆ. ಯಜಮಾನರು ತೀರಿಕೊಂಡಿರುತ್ತಾರೆ, ಮಗ ಬೆಂಗಳೂರಿನಲ್ಲಿ. 'ನಮ್ಮಪ್ಪಾಜಿ ಗಾಡಿ ಕಣಣ್ಣ, ಮಾರಕ್ಕಿಲ್ಲ' ಎಂಬ ಮಾತಿನಿಂದ ಶುರುವಾಗಿ, ಎರಡು ಸಲ ಕಾಫಿ ಕುಡಿದ ಮೇಲೆ ಬೆಲೆಗೆ ಬಂದು ನಿಲ್ಲುತ್ತದೆ. ಈಗ ಎಲ್ಲರಿಗೂ ಮೊಬೈಲಿನಲ್ಲಿ ಬೆಲೆ ಕಾಣುತ್ತದೆ; ಗುಜರಿ ದರಕ್ಕೆ ಸಿಕ್ಕೀತು ಎಂಬ ಆಸೆ ಬೇಡ.

ಬೆಲೆಗಿಂತ ಮೊದಲು ಕಾಗದ. ಟಿಪ್ಪುವಿನ ಕಾಲದಿಂದ ಕುದುರೆ ಫಾರಂ ಇರುವ ಕುಣಿಗಲ್ಲಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕುದುರೆ ಕೊಳ್ಳುವವರು ಹಲ್ಲು ನೋಡುವ ಹಾಗೆ ಗಾಡಿ ಕೊಳ್ಳುವವರು ಚಾಸಿ ನಂಬರ್ ನೋಡಬೇಕು. ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್.ಸಿ. ಪುಸ್ತಕದ ಜೊತೆ ಹೋಲಿಸಬೇಕು. ಇಂಜಿನ್ ನಂಬರಿಗೂ ಅದೇ ಕ್ರಮ. ಎಷ್ಟೋ ಗಾಡಿಗಳಲ್ಲಿ ಎಂಬತ್ತರ ದಶಕದಲ್ಲೇ ಇಂಜಿನ್ ಬದಲಾಗಿದೆ, ಪುಸ್ತಕದಲ್ಲಿ ಅದು ಏರಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ಆರ್‌ಟಿಓ ಮುಂದೆ ನಿಲ್ಲಿಸಬೇಕು. ಬೇರೆ ಜಿಲ್ಲೆಯ ನಂಬರ್ ಆಗಿದ್ದರೆ ವರ್ಗಾವಣೆಯ ಕೆಲಸ ಬೇರೆ. ಈಗ ಹಳೆ ಗಾಡಿಗೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬೇಕು.

50 ವರ್ಷ ದಾಟಿದ, ಮೂಲ ಸ್ವರೂಪ ಕೆಡದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ನಂಬರಿನ ನಡುವೆ 'ವಿಎ' ಎಂಬ ಅಕ್ಷರ ಬರುತ್ತದೆ, ನೋಡಲು ಗತ್ತು. ಆದರೆ ಆ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿಯಂಥ ಸಂದರ್ಭಗಳಿಗೆ ಮಾತ್ರ. ಗುಬ್ಬಿ ಸಂತೆಗೆ ಹೋಗಿ ಸೊಪ್ಪು ತರುವ ಆಸೆ ಇದ್ದವರು ಮಾಮೂಲಿ ನವೀಕರಣದ ದಾರಿಯನ್ನೇ ಹಿಡಿಯುವುದು ವಾಸಿ.

ಗಾಡಿ ಮನೆಗೆ ಬಂದ ಮೊದಲ ಭಾನುವಾರವೇ ಅನುಭವವಿಲ್ಲದ ಯಜಮಾನ ಒಂದು ಅನಾಹುತಕ್ಕೆ ಕೈಹಾಕುತ್ತಾನೆ: ಎಲ್ಲವನ್ನೂ ಬಿಚ್ಚುತ್ತಾನೆ. ವಿಡಿಯೊಗಳಲ್ಲಿ ಅದು ಹತ್ತು ನಿಮಿಷದ ಕೆಲಸ. ಶೆಡ್ಡಿನಲ್ಲಿ ಬಿಚ್ಚಿದ ಗಾಡಿ ವರ್ಷಗಟ್ಟಲೆ ಬಿಚ್ಚಿದ ಹಾಗೇ ಉಳಿಯುತ್ತದೆ. ಬಿಡಿಭಾಗಗಳ ಡಬ್ಬಗಳಾಗಿ ಕೈ ಬದಲಾಯಿಸುವ ಎಷ್ಟು ಜಾವಾಗಳು ಈ ಸೀಮೆಯಲ್ಲಿವೆಯೋ! ಹಳೆಯ ಮೆಕ್ಯಾನಿಕ್‌ಗಳ ಮಾತು ಸರಳ: 'ಮೊದ್ಲು ಸ್ಟಾರ್ಟ್ ಮಾಡಣ್ಣ, ಅದೇ ಹೇಳುತ್ತೆ ಏನಾಗಿದೆ ಅಂತ.' ನನಗೆ ಇದರಲ್ಲಿ ಪೂರ್ತಿ ನಂಬಿಕೆ. ಪ್ಲಗ್ ತೆಗೆದು ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಗ್ಗೆ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಆಡಿಸಬೇಕು. ಪಿಸ್ಟನ್ ಕದಲಿತೆಂದರೆ ಅರ್ಧ ಗೆದ್ದ ಹಾಗೆ. ಆಮೇಲೆ ಪಾಯಿಂಟ್ ಉಜ್ಜಿ ಕಿಡಿ ಬರುತ್ತದೆಯೇ ನೋಡುವುದು, ಕಾರ್ಬುರೇಟರ್ ತೊಳೆಯುವುದು, ಟ್ಯಾಂಕಿನ ತುಕ್ಕಿಗೆ ಒಂದು ಹಿಡಿ ನಟ್ಟು ಹಾಕಿ ಕುಲುಕುವುದು. ಬಿಚ್ಚಲೇಬೇಕಾದಾಗ ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ಇರಲಿ. ಇಂಜಿನ್ ಕವರಿನ ಸ್ಕ್ರೂಗಳು ಒಂದೊಂದು ಜಾಗದಲ್ಲಿ ಒಂದೊಂದು ಉದ್ದ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಅದದೇ ಜಾಗದಲ್ಲಿ ಚುಚ್ಚಿ ಇಟ್ಟರೆ ಮತ್ತೆ ಜೋಡಿಸುವಾಗ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಇಂಜಿನ್ ಎದ್ದಿತು ಎನ್ನೋಣ. ಅದು ಏನು ಹೇಳುತ್ತದೆ? ಟೂ ಸ್ಟ್ರೋಕಿನ ಗುಟ್ಟೆಲ್ಲ ಕ್ರ್ಯಾಂಕ್ ಕೇಸಿನಲ್ಲಿದೆ. ಪಿಸ್ಟನ್ ಮೇಲೇರುವಾಗ ಪೆಟ್ರೋಲು, ಗಾಳಿ, ಆಯಿಲ್ಲಿನ ಮಿಶ್ರಣ ಕೆಳಗಿನ ಕೋಣೆಗೆ ಬಂದು ತುಂಬುತ್ತದೆ. ಇಳಿಯುವಾಗ ಅಲ್ಲಿಂದಲೇ ಒತ್ತಡದಿಂದ ಮೇಲಕ್ಕೆ ನುಗ್ಗುತ್ತದೆ. ಆ ಕೋಣೆ ಗಾಳಿಯಾಡದಂತಿರಬೇಕು. ಕಾಯುವುದು ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್‌ಗಳು, ಅವು ಬರೀ ರಬ್ಬರ್. ಹತ್ತಾರು ವರ್ಷ ನಿಂತ ಗಾಡಿಯಲ್ಲಿ ಅವು ಗಟ್ಟಿಯಾಗಿ ಸೀಳಿರುತ್ತವೆ. ಎಡಗಡೆಯ ಸೀಲ್, ಅಂದರೆ ಕ್ಲಚ್ ಕಡೆಯದು ಹೋಗಿದ್ದರೆ ಇಂಜಿನ್ ತನ್ನ ಗೇರ್ ಆಯಿಲನ್ನೇ ಕುಡಿಯುತ್ತದೆ. ಎರಡೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಮಟ್ಟ ದಿನದಿನಕ್ಕೂ ಕಡಿಮೆ. ಬಲಗಡೆಯ ಡೈನಮೊ ಬದಿಯದು ಹೋಗಿದ್ದರೆ ಹೊಗೆ ಇಲ್ಲ, ಬರೀ ಗಾಳಿ ಒಳಕ್ಕೆ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕಿರುಚುತ್ತಲೇ ಇರುತ್ತದೆ. ಹೊಸಬರು ಹೊಗೆಗೆ ಹೆದರುತ್ತಾರೆ. ಹೆದರಬೇಕಾದದ್ದು ಈ ಎರಡನೆಯದಕ್ಕೆ. ಗಾಳಿ ಹೆಚ್ಚಾದರೆ ಪೆಟ್ರೋಲಿನ ಜೊತೆಗೆ ಬರುವ ಆಯಿಲ್ಲೂ ಕಡಿಮೆಯಾಗಿ, ಶಾಖ ಏರಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ.

ಸೀಲ್ ಬದಲಿಸಲು ಇಂಜಿನ್ ಇಳಿಸಬೇಕು. ಇಳಿಸಿದ ಮೇಲೆ ಬೇರಿಂಗ್, ಕನೆಕ್ಟಿಂಗ್ ರಾಡ್ ಕಿಟ್ ಎಲ್ಲವನ್ನೂ ನೋಡಬೇಕು. ಇಲ್ಲಿಗೆ ಮನೆಯ ಸ್ಪ್ಯಾನರ್ ಸೆಟ್ಟಿನ ಕೆಲಸ ಮುಗಿಯಿತು. ಈ ಗಾಡಿಯ ಕ್ರ್ಯಾಂಕ್ ಒತ್ತಿ ಕೂಡಿಸಿದ್ದು. ಪ್ರೆಸ್ಸಿನಲ್ಲಿ ಬಿಡಿಸಿ, ರಾಡ್ ಹಾಕಿ, ಮತ್ತೆ ಒತ್ತಿ, ಡಯಲ್ ಗೇಜ್ ಇಟ್ಟು ತಿರುಗಿಸಿ, ಓರೆ ಇದ್ದರೆ ಹಿತ್ತಾಳೆ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಬೇಕು. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಬೇಕು. ಪಿಸ್ಟನ್ ಹಿಂದು ಮುಂದಾದರೆ ರಿಂಗಿನ ಬಾಯಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಅಂತರಸನಹಳ್ಳಿ, ಹಿರೇಹಳ್ಳಿಯ ಕೈಗಾರಿಕಾ ಪ್ರದೇಶಗಳಿರುವ ತುಮಕೂರಿನಲ್ಲಿ ಲೇತ್ ಹಿಡಿದವರಿಗೆ ಬರವಿಲ್ಲ. ಬರ ಇರುವುದು ಈ ಇಂಜಿನ್ ಗೊತ್ತಿರುವವರಿಗೆ. ಸಿಲಿಂಡರಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಸಂದು ಬಿಡಬೇಕೆಂಬುದನ್ನು ಹೊಸ ಗಾಡಿಯ ಲೆಕ್ಕದಲ್ಲಿ ಮಾಡಿಕೊಟ್ಟರೆ ಹತ್ತು ಕಿಲೋಮೀಟರಿಗೆ ಸೀಜ್. ಹಾಗಾಗಿ ಕೆಲಸ ತುಮಕೂರಿನಲ್ಲೇ ಆದರೂ ಅಳತೆ ಹೇಳುವುದು ಜಾವಾ ಬಲ್ಲವರೇ ಆಗಿರಲಿ.

ಈ ಬಲ್ಲವರಲ್ಲಿ ಬಹುಪಾಲು ಅರವತ್ತು ದಾಟಿದವರು. ಅಂಗಡಿಗೆ ಬೋರ್ಡ್ ಇರುವುದಿಲ್ಲ, ಫೋನ್ ಎತ್ತುವುದಿಲ್ಲ, ಗಾಡಿ ಬಿಟ್ಟು ಹೋದರೆ ತಿಂಗಳು ಕಳೆದರೂ ಮುಟ್ಟುವುದಿಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತರೆ ಮಾತ್ರ ಕೆಲಸ ಸಾಗುತ್ತದೆ. ಹೊಸಬ ಕಲಿಯುವುದೂ ಆ ಸ್ಟೂಲಿನ ಮೇಲೆಯೇ. ಸ್ಪೇರ್‌ಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು, ಮತ್ತು ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸಲು ಸೇರುವ ಕ್ಲಬ್ಬಿನವರು. ಕಾರ್ಖಾನೆಯ ಕಾಲದ ಒರಿಜಿನಲ್ ಸಾಮಾನು ಈಗ ಅಪರೂಪ, ಹೊಸದಾಗಿ ಮಾಡಿದ ಡೂಪ್ಲಿಕೇಟ್ ಧಾರಾಳ. ಸವೆದ ಒರಿಜಿನಲ್ಲನ್ನು ರಿಪೇರಿ ಮಾಡಿಸುವುದೇ ಎಷ್ಟೋ ಸಲ ಹೊಸ ಡೂಪ್ಲಿಕೇಟಿಗಿಂತ ಮೇಲು. ಅಂಗಡಿಯವನು ಇದನ್ನು ಹೇಳುವುದಿಲ್ಲ.

ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾದದ್ದೂ ರೋಡ್‌ಕಿಂಗ್ ಬಂದ 1978ರಲ್ಲೇ. ಅದೂ ಈಗ ಇಲ್ಲ, ಆ ಜಾಗ ಇಸ್ರೋಗೆ ಹೋಗಿದೆ. ಅಪ್ಪನ ಎಚ್‌ಎಂಟಿಯನ್ನು ಡ್ರಾಯರಿನಿಂದ ತೆಗೆದು ರಿಪೇರಿಗೆ ಕೊಡುವ ಹುಡುಗನೇ ಅಪ್ಪನ ಯೆಜ್ಡಿಯನ್ನೂ ಶೆಡ್ಡಿನಿಂದ ತೆಗೆಯುತ್ತಾನೆ. ಎರಡರಲ್ಲೂ ಒಂದೇ ಪಿಡುಗು ಉಂಟು. ಡಯಲಿಗೆ ಕಂಡಕಂಡ ಬಣ್ಣ ಬಳಿದ ಗಡಿಯಾರಗಳ ಹಾಗೆಯೇ ಕಂಡಲ್ಲೆಲ್ಲ ಕ್ರೋಮ್ ಹೊಡೆಸಿದ ಯೆಜ್ಡಿಗಳೂ ಮಾರಾಟಕ್ಕಿವೆ.

ಬಣ್ಣದ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಟ್ಯಾಂಕಿನ ಮೇಲೆ ಮೂಲ ಮೆರೂನ್ ಅರ್ಧ ಉಳಿದಿದ್ದರೂ ಅದನ್ನು ಮರಳು ಕಾಗದ ಹಾಕಿ ಉಜ್ಜಿ ಹೊಸದು ಹೊಡೆಸಬಾರದು. ಹಳೆ ಟ್ಯಾಂಕಿನ ಗೆರೆಗಳು ಕೈಯಲ್ಲಿ ಎಳೆದವು. ಸ್ಟಿಕ್ಕರ್ ಅಂಟಿಸಿದ ದಿನ ಆ ಕೈಯ ಗುರುತು ಹೋಯಿತು. ತಾಮ್ರ, ನಿಕಲ್ ಪದರ ಇಲ್ಲದೆ ನೇರ ಹೊಡೆದ ಕ್ರೋಮ್ ಒಂದು ಮಳೆಗಾಲಕ್ಕೇ ಗುಳ್ಳೆ ಏಳುತ್ತದೆ. ಇಷ್ಟಾದರೂ ಬಹುತೇಕರ ದುಡ್ಡು ಮೊದಲು ಹೋಗುವುದು ಇಲ್ಲಿಗೇ, ಇಂಜಿನ್ನಿಗೆ ಬರುವ ಹೊತ್ತಿಗೆ ಕೈ ಖಾಲಿ. ವೈರಿಂಗ್ ವಿಷಯದಲ್ಲಿ ಮಾತ್ರ ನಾನು ಶುದ್ಧಾಚಾರದವನಲ್ಲ. ಹಳೆಯ 6 ವೋಲ್ಟಿನ ಹೆಡ್‌ಲೈಟಿನಲ್ಲಿ ಬಿ.ಎಚ್. ರಸ್ತೆಯ ಲಾರಿಗಳ ನಡುವೆ ರಾತ್ರಿ ಹೋಗುವುದು ಸಾಹಸವಲ್ಲ, ಮೂರ್ಖತನ. 12 ವೋಲ್ಟಿಗೆ ಬದಲಿಸಿದರೆ ಕ್ಲಬ್ಬಿನ ಹಿರಿಯರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತದ್ದು. ಹಳೆ ಕಾಲದ ರಬ್ಬರ್ ಪೈಪು, ವಾಷರ್‌ಗಳನ್ನು ಎಥನಾಲ್ ಊದಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರು ನಿಲ್ಲಿಸುತ್ತದೆ. ಪೈಪು, ಸೀಲ್‌ಗಳನ್ನು ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ. 2ಟಿ ಆಯಿಲ್ ಲೀಟರಿಗೆ 30ರಿಂದ 40 ಮಿಲಿ, ಹೊಸದಾಗಿ ಬೋರ್ ಆದ ಇಂಜಿನ್ನಿಗೆ ಹೆಚ್ಚಿನ ಅಳತೆಯೇ ಇರಲಿ. ಬಂಕಿನ ಹುಡುಗರು ಈಗ ಟೂ ಸ್ಟ್ರೋಕ್ ಕಂಡವರಲ್ಲ, ಆಯಿಲ್ ಡಬ್ಬಿಯೂ ಅಳತೆ ಲೋಟವೂ ನಿಮ್ಮ ಬ್ಯಾಗಿನಲ್ಲೇ ಇರಬೇಕು.

ಹೊಸ ಪಿಸ್ಟನ್ ಪಳಗಿಸುವ ಓಟಕ್ಕೆ ಹೆದ್ದಾರಿ ಬೇಡ. ತುಮಕೂರಿನಿಂದ ಗೂಳೂರು, ನಾಗವಲ್ಲಿ, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಊರು ಬಂದಾಗಲೆಲ್ಲ ವೇಗ ತಾನಾಗಿ ಇಳಿಯುತ್ತದೆ, ಟೀ ಅಂಗಡಿ ಬಂದಾಗಲೆಲ್ಲ ಇಂಜಿನ್ ತಣಿಯುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಆಕ್ಸಿಲರೇಟರ್ ಅರ್ಧ ದಾಟದಿರಲಿ, ಒಂದೇ ವೇಗದಲ್ಲಿ ಬಹಳ ಹೊತ್ತು ಎಳೆಯುವುದೂ ಬೇಡ. ಹೆಬ್ಬೂರಿನಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ: ತಿಳಿ ಕಂದು ಬಣ್ಣವಿದ್ದರೆ ಸರಿ, ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಅಲ್ಲಿಂದ ಮುಂದೆ ಓಡಿಸಬೇಡಿ. ದಾರಿಯಲ್ಲಿ ಯಾರೋ ಹಿಡಿದು ನಿಲ್ಲಿಸಿದಂತೆ ಗಾಡಿ ಬಿಗಿಯತೊಡಗಿದರೆ ತಕ್ಷಣ ಕ್ಲಚ್ ಹಿಡಿದು ಆಕ್ಸಿಲರೇಟರ್ ಮುಚ್ಚಿ ರಸ್ತೆಯ ಪಕ್ಕಕ್ಕೆ ಬನ್ನಿ. ಅರ್ಧ ಗಂಟೆ ತಣಿಯಲು ಬಿಟ್ಟು, ಲಿವರ್ ಮೇಲೆತ್ತಿ ಕೈಯಲ್ಲೇ ಒತ್ತಿ ನೋಡಿ, ಹಗುರವಾಗಿ ತಿರುಗಿದರೆ ಮಾತ್ರ ಕಿಕ್ ಹೊಡೆಯಿರಿ. ಇಲ್ಲವಾದರೆ ಗೂಡ್ಸ್ ಆಟೊದವರಿಗೆ ಫೋನ್ ಮಾಡಿ. ಈ ರಸ್ತೆಯಲ್ಲಿ ಅದಕ್ಕೂ ತೊಂದರೆಯಿಲ್ಲ.